ಬಗ್ಗಿಗೆ ಹೊಸ ಎಂಜಿನ್

ಏರುರಸ್ತೆಯ ಅರ್ಧದಲ್ಲಿ ಎಂಜಿನ್ ನಿಂತಿತು. ಬಗ್ಗಿ ಗಾಡಿ ಅಲ್ಲೇ ಒಮ್ಮೆ ತಡೆದು, ಆಮೇಲೆ ಹಿಂದಕ್ಕೆ ಉರುಳತೊಡಗಿತು. ತಿರುವಿನಲ್ಲಿ ದಾಸವಾಳದ ಬೇಲಿಗೆ ಹೊಕ್ಕು ನಿಂತಾಗ ಹಿಂದಿನ ಚಕ್ರಕ್ಕೂ ಹಳೆಯ ಕಲ್ಲುಕೋರೆಯ ಅಂಚಿಗೂ ನಡುವೆ ಬೇಲಿಯಷ್ಟೇ ಉಳಿದಿತ್ತು. ಗಾಡಿಯಲ್ಲಿ ಮೂವರಿದ್ದರು: ಓಡಿಸುತ್ತಿದ್ದ ಧರಣೇಂದ್ರ, ಪಕ್ಕದಲ್ಲಿ ಅವರ ಹೆಂಡತಿ ವಿಜಯಾ, ಹಿಂದಿನ ಸೀಟಿನಲ್ಲಿ ನೆರೆಮನೆಯ ಕಮಲ ಟೀಚರ್. ಟೀಚರ ಮೊಣಕೈ ತರಚಿತ್ತು. ಉಳಿದಿಬ್ಬರಿಗೆ ಏನೂ ಆಗಲಿಲ್ಲ. ಕೆಳಗಿಳಿದು ಧರಣೇಂದ್ರ ಆಡಿದ ಮೊದಲ ಮಾತು, “ಎಂಜಿನ್ ಮುಗಿಯಿತು.”

ಕಾಲೊನಿ ಇರುವುದು ತಿರುವನಂತಪುರದ ಉತ್ತರಕ್ಕೆ, ತುಂಬಾ ಎಂಬ ಊರಿನ ಕಡಲತೀರದಿಂದ ಒಳಗೆ ಬಂದರೆ ಸಿಗುವ ಕೆಂಪುಕಲ್ಲಿನ ಗುಡ್ಡದ ಮೇಲೆ. ಕೇಂದ್ರ ಸರ್ಕಾರದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದವರು ನಿವೃತ್ತಿಗೆ ಮುಂಚೆ ಸಂಘ ಕಟ್ಟಿಕೊಂಡು ಕೊಂಡ ಜಾಗ ಅದು. ಆಮೇಲೆ ಹೊರಗಿನವರೂ ಕೆಲವರು ಬಂದು ಸೇರಿದರು. ಬಸ್ಸು ಕೆಳಗಿನ ಗೇಟಿನವರೆಗೆ ಮಾತ್ರ ಬರುತ್ತದೆ. ಮೊದಲು ಎಲ್ಲರೂ ಆ ಏರನ್ನು ಮಾತಾಡುತ್ತಲೇ ಹತ್ತುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಮಂಡಿಗಳು ಕೇಳಲಿಲ್ಲ. ಆಗ ಸಂಘ ಒಂದು ರೆಸಾರ್ಟಿನಿಂದ ಹಳೆಯ ಪೆಟ್ರೋಲ್ ಗಾಲ್ಫ್ ಕಾರ್ಟ್ ತಂದಿತು. ಸುತ್ತಲೂ ತೆರೆದ, ಮೇಲೊಂದು ಚಾವಣಿಯಷ್ಟೇ ಇರುವ ಅಂಥ ಗಾಡಿಯನ್ನು ರೈಲು ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ ಬಗ್ಗಿ ಎನ್ನುತ್ತಾರೆ. ಇಲ್ಲಿಯೂ ಅದೇ ಹೆಸರು ನಿಂತಿತು.

ಸಂಬಳದ ಚಾಲಕ ದುಬೈಗೆ ಹೋದ ಮೇಲೆ ಕೀ ಧರಣೇಂದ್ರರ ಕೈಗೆ ಬಂತು. ಮೂಡುಬಿದಿರೆಯ ಕಡೆಯವರು. ಪ್ರಯೋಗಾಲಯದಲ್ಲಿ ಒತ್ತಡ ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದವರು. ಬೆಳಿಗ್ಗೆ ಬಸ್ಸಿಗೆ ಹೋಗುವವರನ್ನು ಇಳಿಸುವುದು, ಸಂಜೆ ಬರುವವರನ್ನು ಹತ್ತಿಸುವುದು, ನಡುವೆ ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾದರೆ ಗೇಟಿನವರೆಗೆ ಬಿಡುವುದು. ಯಾರಿಗೆ ಎಡಗಾಲು ಮೊದಲು ಎತ್ತಿಡಬೇಕು, ಯಾರಿಗೆ ಮುಂದಿನ ಸೀಟೇ ಆಗಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ನಿವೃತ್ತಿಯ ನಂತರ ಯಾರಾದರೂ ಅವರ ದಾರಿ ಕಾಯುವ ಹೊತ್ತು ದಿನದಲ್ಲಿ ಅದೊಂದೇ ಆಗಿತ್ತು. ಆ ಕೀ ಕೈಬಿಟ್ಟುಹೋದರೆ ಉಳಿಯುವುದೇನು ಎಂದು ಅವರು ಯೋಚಿಸಿರಲಿಲ್ಲ. ಬೇಲಿಗೆ ಹೊಕ್ಕ ಸಂಜೆ ಮೊದಲ ಸಲ ಯೋಚಿಸಿದರು.

ಮರುದಿನವೇ ಅವರು ಶೆಡ್ಡಿನಲ್ಲಿ ಎಂಜಿನ್ ಪರೀಕ್ಷೆಗೆ ಕೂತರು. ಸ್ಪಾರ್ಕ್ ಪ್ಲಗ್ ಕಳಚಿ ಆ ತೂತಿಗೆ ಗೇಜ್ ಹಾಕಿ ಕಂಪ್ರೆಶನ್ ನೋಡಿದರು. ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಸಿಲಿಂಡರಿಗೆ ಕೆಲವು ಹನಿ ಎಣ್ಣೆ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಮೇಲೇರಿತು. ಎಣ್ಣೆ ಬಿಟ್ಟಾಗ ಒತ್ತಡ ಏರಿದರೆ ಸೋರುತ್ತಿರುವುದು ಪಿಸ್ಟನ್ನಿನ ರಿಂಗುಗಳ ಕಡೆಯಿಂದ ಎಂದು ಅರ್ಥ. ಎಂಜಿನ್ ಸವೆದುಹೋಗಿತ್ತು. ಅದರಲ್ಲಿ ಸಂಶಯವಿರಲಿಲ್ಲ.

ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಏನೇ ಕೆಟ್ಟರೂ ಪರಿಶೀಲನಾ ಸಮಿತಿ ಕೂರುತ್ತಿತ್ತು. ಎಲ್ಲರೂ ಕಂಡದ್ದನ್ನು ಹೇಳಬೇಕು, ಕೊನೆಗೆ ಕಾರಣ ತೀರ್ಮಾನವಾಗಬೇಕು, ತೀರ್ಮಾನದಲ್ಲಿ ಮನುಷ್ಯನ ಹೆಸರು ಇರಬಾರದು. ಬೋಲ್ಟ್ ಸಡಿಲವಿತ್ತು ಎನ್ನುತ್ತಿದ್ದರೇ ಹೊರತು ಅದನ್ನು ಬಿಗಿಯದವನು ಯಾರೆಂದು ಹೇಳುತ್ತಿರಲಿಲ್ಲ. ಕಾಲೊನಿಗೆ ಬಂದ ಮೇಲೂ ಆ ಪದ್ಧತಿ ಬಿಡಲಿಲ್ಲ. ನೀರಿನ ಪಂಪು ಸುಟ್ಟಾಗ, ಜನರೇಟರ್ ನಿಂತಾಗ, ಒಮ್ಮೆ ಓಣಂ ಊಟದ ಪಾಯಸ ತಳಹಿಡಿದಾಗಲೂ ಸಮಿತಿ ಕೂತಿತ್ತು. ಪಾಯಸದ ಸಲ ಉರುಳಿ ಪಾತ್ರೆಯ ತಳ ತೆಳುವಾಗಿದ್ದುದೇ ಕಾರಣ ಎಂದು ತೀರ್ಮಾನವಾಗಿ, ಸೌಟು ಬಿಟ್ಟು ಫೋನ್ ಹಿಡಿದಿದ್ದವರೂ ಎಲ್ಲರ ಜತೆ ನಕ್ಕಿದ್ದರು.

ಬಗ್ಗಿಯ ಸಮಿತಿ ಕ್ಲಬ್ಬಿನ ಕೋಣೆಯಲ್ಲಿ ಕೂತಿತು. ಬೇಳೆಯ ಪರಿಪ್ಪುವಡೆ, ಚಹಾ ಇತ್ತು. ಅಧ್ಯಕ್ಷರು ವಿಶ್ವೇಶ್ವರ. ಮೈಸೂರಿನವರು, ಪ್ರಯೋಗಾಲಯದಲ್ಲಿ ಧರಣೇಂದ್ರರ ಮೇಲಧಿಕಾರಿಯಾಗಿದ್ದವರು, ಈಗ ಎರಡು ಮನೆ ಆಚೆ ಇರುವ ಗೆಳೆಯರು. ಧರಣೇಂದ್ರ ಎದ್ದು ನಿಂತು ಕಂಪ್ರೆಶನ್ ವಿವರ ಹೇಳಿದರು. ಬ್ರೇಕ್ ಪರೀಕ್ಷಿಸಿದ್ದಾಗಿಯೂ ಅದು ಸರಿಯಾಗಿ ಹಿಡಿಯುತ್ತದೆಂದೂ ತಾವಾಗಿಯೇ ಹೇಳಿದರು. ಎಂಜಿನ್ ನಿಂತದ್ದು ಅನಿರೀಕ್ಷಿತ, ಬ್ರೇಕ್ ಒತ್ತುವಷ್ಟರಲ್ಲಿ ಗಾಡಿ ಬೇಲಿ ಸೇರಿತ್ತು ಎಂದರು.

ವಿಜಯಾ ಅವರನ್ನೂ ಕೇಳಿದರು. “ಎಂಜಿನ್ ನಿಂತಿತು. ಮತ್ತೆ ಹಿಂದೆ ಬಂತು,” ಎಂದಷ್ಟೇ ಹೇಳಿದರು.

ಕಮಲ ಟೀಚರ್ ಮೊಣಕೈಯ ಪಟ್ಟಿ ಸರಿಮಾಡಿಕೊಳ್ಳುತ್ತಾ, ಹೇಳುವುದಕ್ಕೆ ತಮ್ಮ ಬಳಿ ಬೇರೇನೂ ಇಲ್ಲವೆಂದರು. ಅವರು ಶಾಲೆಯಲ್ಲಿ ಮಲಯಾಳಂ ಕಲಿಸಿ ನಿವೃತ್ತರಾದವರು, ಪ್ರಯೋಗಾಲಯದವರಲ್ಲ.

ವಿಶ್ವೇಶ್ವರ ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನೇನಾದ್ರೂ ಸೇರಿಸೋದಿದೆಯೇನ್ರೀ ಧರಣೇಂದ್ರ?”

“ಇಲ್ಲ ಸಾರ್.”

“ಯೋಚನೆ ಮಾಡಿ ಹೇಳಿ. ಅವಸರ ಇಲ್ಲ.”

“ಇಲ್ಲ ಸಾರ್. ಗೇಜ್ ಹೇಳಿದ್ದೇ ಕೊನೆ.”

ಎಂಜಿನ್ ಸವೆದದ್ದೇ ಕಾರಣ ಎಂದು ತೀರ್ಮಾನವಾಯಿತು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಧರಣೇಂದ್ರರ ಕೈ ಕುಲುಕಿದರು. ಒಂದಿಬ್ಬರು ಇಷ್ಟು ವರ್ಷ ಮಾಡಿದ ಸೇವೆ ದೊಡ್ಡದು ಎಂದರು. ಧರಣೇಂದ್ರರಿಗೆ ಸಂತೋಷವಾಯಿತು. ಮರುದಿನ ಬೆಳಿಗ್ಗೆ ಜನಶತಾಬ್ದಿ ರೈಲು ಹತ್ತಿ ಕೊಚ್ಚಿಗೆ ಹೊರಟರು, ಎಂಜಿನ್ ಹುಡುಕಲು.

ಇರ್ಫಾನನ ಗ್ಯಾರೇಜು ಕೊಚ್ಚಿಯ ಅಂಬಲಮುಗಳಿನಲ್ಲಿ, ತೈಲ ಸಂಸ್ಕರಣಾಗಾರದ ರಸ್ತೆಯಲ್ಲಿದೆ. ಸಾಲುಗಟ್ಟಿ ನಿಂತ ಟ್ಯಾಂಕರ್‌ಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಬೇಕು. ಗಡಿಯೂರು ಉಪ್ಪಳದವನು, ಕನ್ನಡ ಶಾಲೆಯಲ್ಲಿ ಓದಿದವನು, ಡಿಪ್ಲೊಮಾ ಮುಗಿಸಿ ಜನರೇಟರ್ ಮತ್ತು ಪಂಪಿನ ಎಂಜಿನ್‌ಗಳ ಕೆಲಸಕ್ಕೆ ಇಳಿದವನು. ಕಾಲೊನಿಯ ಜನರೇಟರ್ ನೋಡಲು ವರ್ಷಕ್ಕೊಮ್ಮೆ ತಿರುವನಂತಪುರಕ್ಕೆ ಬಂದಾಗ ಧರಣೇಂದ್ರರ ಮನೆಯಲ್ಲಿಯೇ ಊಟ. ಅವನು ಅಕ್ಕ ಎಂದು ಕರೆಯುವ ವಿಜಯಾ ಅವನಿಗಾಗಿ ನೀರುದೋಸೆ ಮಾಡುತ್ತಿದ್ದರು. ಊರಿನ ಮಾತು ಕೇಳಲು ಸಿಗುವುದು ಅವನು ಬಂದಾಗ ಮಾತ್ರ ಎನ್ನುತ್ತಿದ್ದರು.

“ಇದರ ಅಸಲಿ ಎಂಜಿನ್ ಇನ್ನು ಸಿಗ್ಲಿಕ್ಕಿಲ್ಲ ಸಾರ್,” ಎಂದ ಇರ್ಫಾನ್. “ಅಷ್ಟೇ ಶಕ್ತಿಯ ಬೇರೆ ಹೊಸತು ಕೂರಿಸುವ. ಶಾಫ್ಟ್ ಮಾತ್ರ ನಿಮ್ಮ ಹಳೆ ಕ್ಲಚ್ಚಿಗೆ ಹೊಂದ್ಬೇಕು. ಅದೊಂದು ಹೊಂದಿದ್ರೆ ಬಾಕಿದ್ದು ನಾನು ಮಾಡ್ತೇನೆ.”

ಎರಡು ವಾರದ ನಂತರ ಅವನು ಎಂಜಿನ್ ತಂದ. ಶೆಡ್ಡಿನ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಹಳೆಯದನ್ನು ಎತ್ತಿ ಹೊರಗಿಟ್ಟರು. ಹೊಸ ಎಂಜಿನ್ನಿನ ಬುಡದ ತೂತುಗಳು ಗಾಡಿಯ ತೂತುಗಳಿಗೆ ಹೊಂದಲಿಲ್ಲ. ನಡುವೆ ಒಂದು ದಪ್ಪ ಉಕ್ಕಿನ ಹಲಗೆ ಹಾಕಿ ಹೊಸದಾಗಿ ತೂತು ಕೊರೆದರು. ಎಂಜಿನ್ನಿನ ಕ್ಲಚ್ಚಿಗೂ ಹಿಂದಿನ ಅಚ್ಚಿನ ಗಾಲಿಗೂ ನಡುವಿನ ಅಂತರ ಕೂದಲಿನಷ್ಟು ತಪ್ಪಿದರೂ ಬೆಲ್ಟ್ ಬೇಗ ಸವೆಯುತ್ತದೆ. ಆ ಅಳತೆಯನ್ನು ಧರಣೇಂದ್ರರೇ ಹಿಡಿದರು. ಅಳೆದು, ಬಿಗಿದು, ಮತ್ತೆ ಸಡಿಲಿಸಿ ಅಳೆದರು.

“ಸಾರ್, ನಿಮ್ಮ ಆಫೀಸಲ್ಲಿ ಒಂದು ಬೋಲ್ಟ್ ಬಿಗಿಲಿಕ್ಕೆ ಎಷ್ಟು ಜನ ಇದ್ರು?” ಎಂದು ಇರ್ಫಾನ್ ಗಾಡಿಯ ಕೆಳಗಿನಿಂದ ಕೇಳಿದ.

“ಬಿಗಿಲಿಕ್ಕೆ ಒಬ್ಬ, ನೋಡ್ಲಿಕ್ಕೆ ಒಬ್ಬ, ಅವನು ನೋಡಿದ್ದಾನಾ ಅಂತ ನೋಡ್ಲಿಕ್ಕೆ ಇನ್ನೊಬ್ಬ.”

“ಚಹಾ ತರ್ಲಿಕ್ಕೆ?”

“ಅದಕ್ಕೆ ಬೇರೆ ವಿಭಾಗ.”

“ಇಲ್ಲಿ ನೀವೇ ಎಲ್ಲಾ ವಿಭಾಗ ಅಲ್ವಾ ಸಾರ್. ಅಕ್ಕನ ಹತ್ರ ಹೇಳಿ ಒಂದು ಚಹಾ ತಂದ್ಬಿಡಿ. ಸ್ಪೀಡಿನ ಗವರ್ನರ್ ಜೋಡಿಸಿದ್ರೆ ನನ್ನ ಕೆಲಸ ಮುಗೀತು.”

ಧರಣೇಂದ್ರ ನಗುತ್ತಾ ಹೋಗಿ ಚಹಾ ತಂದರು. ಆ ದಿನಗಳಲ್ಲಿ ಅವರು ಪ್ರಯೋಗಾಲಯದಲ್ಲಿದ್ದಾಗಿನಂತೆ ಹಸಿದು ಊಟಕ್ಕೆ ಬರುತ್ತಿದ್ದರು ಎಂದು ವಿಜಯಾ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದನ್ನು ಅವರೇ ಕೇಳಿಸಿಕೊಂಡಿದ್ದರು.

ಹೊಸ ಎಂಜಿನ್ ಮೊದಲ ಒತ್ತಿಗೆ ಚಾಲೂ ಆಯಿತು. ಹೊಗೆಯಿಲ್ಲ, ನಡುಕವಿಲ್ಲ. ಆದರೆ ಪೆಡಲನ್ನು ಪೂರ್ತಿ ಒತ್ತಿದರೂ ಬಗ್ಗಿ ಮನುಷ್ಯ ನಡೆಯುವ ವೇಗ ದಾಟಲಿಲ್ಲ.

“ರನ್ನಿಂಗ್-ಇನ್ ಸಾರ್,” ಎಂದ ಇರ್ಫಾನ್. “ರಿಂಗ್ ಸರಿ ಕೂರುವವರೆಗೆ ಹೀಗೇ ಇರ್ಲಿ. ಆಮೇಲೆ ನಾನೇ ಬಂದು ಸ್ಪೀಡ್ ಬಿಟ್ಟುಕೊಡ್ತೇನೆ.”

ಹೊಸ ಎಂಜಿನ್ನಿಗೆ ನಿಯಮವಿರುತ್ತದೆ ಎಂಬುದನ್ನು ಧರಣೇಂದ್ರರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರು ನಿಯಮ ಪಾಲಿಸಿದರು. ಬೆಳಿಗ್ಗೆ ಸಂಜೆ ಬಗ್ಗಿ ಏರನ್ನು ತೆವಳುತ್ತಾ ಹತ್ತಿತು. ಪಕ್ಕದಲ್ಲಿ ನಾಯಿ ಹಿಡಿದು ನಡೆಯುವವರು ಅದನ್ನು ದಾಟಿ ಹೋಗುತ್ತಿದ್ದರು. ಆನೆಯ ಮೇಲೆ ಕೂತ ಹಾಗಿದೆ, ಒಂದು ಚೆಂಡೆಯವನಿದ್ದರೆ ಉತ್ಸವವೇ ಆಗುತ್ತಿತ್ತು ಎಂದು ಕಮಲ ಟೀಚರ್ ತಮಾಷೆ ಮಾಡಿದರು. ಯಾರೂ ದೂರಲಿಲ್ಲ. ಬಸ್ಸು ತಪ್ಪಿದವರೂ ದೂರಲಿಲ್ಲ. ಜನ ಇಷ್ಟು ತಾಳ್ಮೆಯವರು ಎಂದು ಧರಣೇಂದ್ರರಿಗೆ ಮೊದಲು ಗೊತ್ತಿರಲಿಲ್ಲ.

ಮೊದಲು ಅವರ ಕಣ್ಣಿಗೆ ಬಿದ್ದದ್ದು ಕ್ಲಚ್ಚಿನ ಸುತ್ತ ಕೂತ ಕಪ್ಪು ಪುಡಿ. ಬೆಲ್ಟ್ ಜಾರಿ ಜಾರಿ ಸವೆಯುತ್ತಿತ್ತು. ಎಂಜಿನ್ ಸಾಕಷ್ಟು ವೇಗಕ್ಕೆ ಏರದಿದ್ದರೆ ಕ್ಲಚ್ ಬೆಲ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹೊಸ ಎಂಜಿನ್ನನ್ನು ತೀರಾ ಮೆಲ್ಲಗೆ ಓಡಿಸಿದರೂ ರಿಂಗುಗಳು ಸರಿಯಾಗಿ ಕೂರುವುದಿಲ್ಲ, ಅವಕ್ಕೂ ಸ್ವಲ್ಪ ಭಾರ ಬೇಕು. ಇದು ಇರ್ಫಾನನಿಗೆ ಗೊತ್ತಿರದ ವಿಷಯವಲ್ಲ. ಫೋನ್ ಮಾಡಿದರು.

“ಬೆಲ್ಟಿನ ಪುಡಿ ಬೀಳ್ತಾ ಉಂಟು ಇರ್ಫಾನ್.”

“ಇನ್ನು ಸ್ವಲ್ಪ ದಿನ ಓಡಿಸಿ ಸಾರ್.”

“ಎಷ್ಟು ದಿನ?”

“ನಾನು ಬರ್ತೇನಲ್ಲ ಸಾರ್,” ಎಂದು ಅವನು ಬೇರೆ ಮಾತಿಗೆ ಹೋದ. ಅಕ್ಕನ ಆರೋಗ್ಯ ಕೇಳಿದ.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಧರಣೇಂದ್ರ ಸೀಟು ಎತ್ತಿ ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದರು. ಗವರ್ನರ್ ಎಂದರೆ ಎಂಜಿನ್ ಒಂದು ಮಿತಿ ದಾಟದಂತೆ ತಡೆಯುವ ಸಣ್ಣ ಏರ್ಪಾಡು. ಅದರ ತೋಳಿಗೆ ಒಂದು ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಬಲವಾಗಿದ್ದಷ್ಟೂ ಎಂಜಿನ್ ಹೆಚ್ಚು ವೇಗಕ್ಕೆ ಹೋಗುತ್ತದೆ. ಕಂಪನಿ ಹಾಕಿ ಕಳಿಸಿದ್ದ ಮಬ್ಬು ಬಣ್ಣದ ದಪ್ಪ ಸ್ಪ್ರಿಂಗನ್ನು ಅವರು ಪೆಟ್ಟಿಗೆ ಬಿಚ್ಚಿದ ದಿನ ಕಣ್ಣಾರೆ ಕಂಡಿದ್ದರು. ಈಗ ಅಲ್ಲಿದ್ದುದು ತೆಳ್ಳಗಿನ, ಹೊಳೆಯುವ ಬೇರೆಯದು. ಅದನ್ನು ತೋಳಿನ ಅತ್ಯಂತ ಒಳಗಿನ ತೂತಿಗೆ ಸಿಕ್ಕಿಸಲಾಗಿತ್ತು. ವೇಗ ಹೊಂದಿಸುವ ತಿರುಪಿಗೆ ತಂತಿ ಸುತ್ತಿ, ಕೈಗೆ ಚುಚ್ಚದಂತೆ ತಂತಿಯ ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವುದನ್ನು ಇರ್ಫಾನನಿಗೆ ಕಲಿಸಿದವರು ಧರಣೇಂದ್ರರೇ.

ಅವರು ಮುಚ್ಚಳ ಹಾಕಿದರು. ಬೆಲ್ಟ್ ತರಬೇಕು, ನಾಳೆ ಕೊಚ್ಚಿಗೆ ಹೋಗಿ ಬರುತ್ತೇನೆ ಎಂದು ವಿಜಯಾಗೆ ಹೇಳಿದರು. “ಆಯ್ತು, ಹೋಗಿ ಬನ್ನಿ,” ಎಂದರು ವಿಜಯಾ.

ಅಂಬಲಮುಗಳ್ ತಲುಪಿದಾಗ ಇರ್ಫಾನ್ ಗ್ಯಾರೇಜಿನ ಎದುರು ನಿಂತಿದ್ದ. ಮೇಜಿನ ಮೇಲೆ ಎರಡು ಗ್ಲಾಸು ಚಹಾ ಆಗಲೇ ಇತ್ತು. ಬರುತ್ತೇನೆಂದು ಧರಣೇಂದ್ರ ಅವನಿಗೆ ತಿಳಿಸಿರಲಿಲ್ಲ.

“ವಿಜಯಾ ಫೋನ್ ಮಾಡಿದ್ಳಾ?”

“ಕೂತ್ಕೊಳ್ಳಿ ಸಾರ್.”

“ನಿಂತೇ ಕೇಳ್ತೇನೆ. ಸ್ಪ್ರಿಂಗ್ ಯಾರು ಬದಲು ಮಾಡ್ಲಿಕ್ಕೆ ಹೇಳಿದ್ದು?”

ಇರ್ಫಾನ್ ಕೈಯ ಗ್ರೀಸ್ ಒರೆಸಿಕೊಂಡ. “ಅಕ್ಕ. ವಿಶ್ವೇಶ್ವರ ಸಾರೂ ಮಾತಾಡಿದ್ರು.”

“ನೀನು ಎಂತ ಹೇಳಿದಿ?”

“ಮೊದ್ಲು ಆಗುದಿಲ್ಲ ಅಂದೆ. ಆಮೇಲೆ ಅಕ್ಕ ಅತ್ರು.”

ಹೊರಗೆ ಒಂದು ಟ್ಯಾಂಕರ್ ಹಿಂದಕ್ಕೆ ತಿರುಗಿಸುತ್ತಿದ್ದರು. ಅದರ ಪೀಪಿ ನಿಂತ ಮೇಲೆ ಧರಣೇಂದ್ರ ಕೇಳಿದರು.

“ಹಳೆ ಎಂಜಿನ್ ಹಾಳಾಗಿತ್ತಾ ಇಲ್ವಾ? ಅದಾದ್ರೂ ನಿಜ ಹೇಳು.”

“ಹಾಳಾಗಿತ್ತು ಸಾರ್. ಆಣೆ ಹಾಕ್ತೇನೆ. ಎಂಜಿನ್ ನಿಂತದ್ದು ಎಂಜಿನ್‌ನಿಂದ್ಲೇ. ಗಾಡಿ ಬೇಲಿವರೆಗೆ ಹೋದದ್ದು...” ಇರ್ಫಾನ್ ಅಲ್ಲಿಗೆ ನಿಲ್ಲಿಸಿದ. “ನಾನು ಆ ದಿನ ಅಲ್ಲಿರ್ಲಿಲ್ಲ. ನಾನು ಹೇಳ್ಬಾರ್ದು.”

“ನನ್ನ ಕೈಯಲ್ಲೇ ಅಳತೆ ಹಿಡಿಸಿದಿ. ಅದೂ ನಾಟಕವಾ?”

“ಇಲ್ಲ ಸಾರ್. ಆ ಅಳತೆ ನಾನು ಹಿಡಿದಿದ್ರೆ ಅಷ್ಟು ಚಂದ ಬರ್ತಿರ್ಲಿಲ್ಲ.”

“ಹೊಗಳಬೇಡ.”

ಧರಣೇಂದ್ರ ಅಸಲಿ ಸ್ಪ್ರಿಂಗ್ ಕೇಳಿದರು. ಇರ್ಫಾನ್ ಒಂದು ಡಬ್ಬಿಯಿಂದ ತೆಗೆದುಕೊಟ್ಟ. ಎಸೆದಿರಲಿಲ್ಲ. “ಹಾಕುದು ಬಿಡುದು ನಿಮ್ಮ ಮನೆ ವಿಷಯ ಸಾರ್. ನನ್ನನ್ನು ಇನ್ನು ನಡುವೆ ತರ್ಬೇಡಿ,” ಎಂದ. ಹೊಸ ಬೆಲ್ಟನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ಚಹಾ ಎರಡೂ ಗ್ಲಾಸಿನಲ್ಲಿ ಹಾಗೇ ಉಳಿಯಿತು.

ಸಂಜೆ ಕಾಲೊನಿಗೆ ಮರಳಿದಾಗ ಧರಣೇಂದ್ರ ಮನೆಗೆ ಹೋಗಲಿಲ್ಲ. ಏರನ್ನು ನಡೆದೇ ಹತ್ತಿ ನೇರವಾಗಿ ವಿಶ್ವೇಶ್ವರರ ಜಗಲಿಗೆ ಹೋದರು. ವಿಶ್ವೇಶ್ವರ ಗಿಡಗಳಿಗೆ ನೀರು ಬಿಡುತ್ತಿದ್ದರು. ಧರಣೇಂದ್ರರ ಕೈಯಲ್ಲಿದ್ದುದನ್ನು ನೋಡಿ ನಲ್ಲಿ ನಿಲ್ಲಿಸಿದರು.

“ಸಮಿತಿಯ ತೀರ್ಮಾನ ಸುಳ್ಳಾ ಸಾರ್?”

“ಸುಳ್ಳಲ್ಲ ಕಣ್ರೀ. ಎಂಜಿನ್ ಸವೆದಿತ್ತು.”

“ಅದೊಂದೇ ಕಾರಣ ಅಂತ ತೀರ್ಮಾನ ಆಯ್ತಲ್ಲ.”

ವಿಶ್ವೇಶ್ವರ ಕುರ್ಚಿ ತೋರಿಸಿದರು. ಧರಣೇಂದ್ರ ಕೂರಲಿಲ್ಲ. “ನೋಡಿ, ನಾವು ಯಾವತ್ತಾದ್ರೂ ಮನುಷ್ಯನ ಹೆಸರು ಹೇಳಿದ್ದೀವಾ? ವಸ್ತುವಿನ ಮೇಲೆ ಹಾಕ್ತೀವಿ. ಯಾರಿಗೆ ತಿಳೀಬೇಕೋ ಅವರಿಗೆ ತಿಳಿಯುತ್ತೆ. ಅವರೇ ಬಂದು, ಸಾರ್ ನನಗೆ ಬೇರೆ ಕೆಲಸ ಕೊಡಿ ಅಂತಾರೆ. ಮೊದಲಿಂದ ಹಾಗೇ ಅಲ್ವೇನ್ರೀ ನಡ್ಕೊಂಡು ಬಂದಿರೋದು? ಎರಡು ಸಲ ಕೇಳಿದೆ ನಿಮ್ಮನ್ನ, ಸೇರಿಸೋದಿದೆಯಾ ಅಂತ.”

“ನನಗೆ ತಿಳಿಯಲಿಲ್ಲ.”

“ಅದು ಆಮೇಲೆ ಗೊತ್ತಾಯ್ತು. ಎಲ್ರೂ ಕೈ ಕುಲುಕಿದ್ವಿ. ನೀವು ಕೀ ತಂದುಕೊಡ್ತೀರಿ ಅಂತ ಕಾದ್ವಿ. ನೀವು ಎಂಜಿನ್ ತಂದ್ರಿ.”

ಪ್ರಯೋಗಾಲಯದ ಎಷ್ಟೋ ಸಮಿತಿಗಳ ಮುಂದೆ ಧರಣೇಂದ್ರ ಗೇಜ್ ಹಿಡಿದು ನಿಂತಿದ್ದರು. ತೀರ್ಮಾನ ಏನಿದೆಯೋ ಅದನ್ನೇ ನಂಬಿ ಬೋಲ್ಟ್ ಬದಲಿಸಿದ್ದರು, ವಾಷರ್ ಬದಲಿಸಿದ್ದರು. ಪಕ್ಕದ ಮೇಜಿನವನು ಸ್ವಲ್ಪ ದಿನದಲ್ಲೇ ಬೇರೆ ವಿಭಾಗಕ್ಕೆ ಹೋದರೆ ವರ್ಗವಾಯಿತು ಎಂದುಕೊಂಡಿದ್ದರು. ತಾವೊಬ್ಬರೇ ಆ ಮಾತುಗಳನ್ನು ಅಕ್ಷರಶಃ ಕೇಳುತ್ತಿದ್ದುದೇ ಎಂದು ಈಗ ಅನ್ನಿಸಿತು.

“ಎಂಜಿನ್ ತಂದಾಗ ಆದ್ರೂ ಹೇಳ್ಬಹುದಿತ್ತು.”

“ಹೇಗ್ರೀ ಹೇಳೋದು? ಹೊಸ ಎಂಜಿನ್ ನೋಡಿ ನಿಮ್ಮ ಮುಖ ಹೇಗಿತ್ತು ಗೊತ್ತಾ? ವಿಜಯಾ ಅವರೇ ಈ ದಾರಿ ಹೇಳಿದ್ದು. ಮೆಲ್ಲಗೆ ಓಡಿದ್ರೆ ಯಾರಿಗೂ ಅಪಾಯ ಇಲ್ಲ, ಅವರಿಗೂ ಬೇಜಾರಿಲ್ಲ ಅಂದ್ರು. ಸಭೆಯಲ್ಲಿ ಎಲ್ರೂ ಒಪ್ಪಿದ್ವಿ.”

“ಯಾವ ಸಭೆ?”

ವಿಶ್ವೇಶ್ವರ ಮತ್ತೆ ನಲ್ಲಿ ತಿರುಗಿಸಿದರು. ಧರಣೇಂದ್ರ ಶೆಡ್ಡಿನಲ್ಲಿ ಹೊಸ ಎಂಜಿನ್ ಕೂರಿಸುತ್ತಿದ್ದಾಗ ಇನ್ನೊಂದು ಸಭೆ ನಡೆದಿತ್ತು. ಅವರನ್ನು ಬಿಟ್ಟು ಎಲ್ಲರೂ ಬಂದಿದ್ದರು.

ಮನೆಯಲ್ಲಿ ವಿಜಯಾ ಬಸಳೆ ಸೋಸುತ್ತಿದ್ದರು. ಧರಣೇಂದ್ರ ಸ್ಪ್ರಿಂಗನ್ನು ಸೊಪ್ಪಿನ ತಟ್ಟೆಯ ಪಕ್ಕದಲ್ಲಿಟ್ಟರು.

“ಇದೆಂತ ಅಂತ ಕೇಳುದಿಲ್ವಾ?”

“ಗೊತ್ತುಂಟು.”

“ನನ್ನ ಹತ್ರ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?”

“ಹೇಳಿದ್ದೆ. ಬೇಲಿಯಿಂದ ಗಾಡಿ ಎಳೆದ ಮರುದಿನವೇ ಡಾಕ್ಟ್ರಲ್ಲಿಗೆ ಹೋಗುವ ಅಂದೆ. ನೀವು ಎಂಜಿನ್‌ಗೆ ಎಣ್ಣೆ ಬಿಟ್ಟು ನೋಡ್ತಾ ಇದ್ರಿ. ಮತ್ತೊಂದು ಸಲ ಹೇಳಿದೆ. ನೀವು ಅಂಬಲಮುಗಳಿಗೆ ಹೋದ್ರಿ.”

“ಎಂಜಿನ್ ಹಾಳಾಗಿತ್ತು.”

“ಯಾರು ಇಲ್ಲ ಅಂದದ್ದು? ಎಂಜಿನ್ ನಿಂತದ್ದು ನಾನೂ ನೋಡಿದ್ದೇನೆ. ಗಾಡಿ ಹಿಂದೆ ಹೋಗುವಾಗ ನಿಮ್ಮನ್ನು ನೋಡಿದೆ. ಎದುರು ನೋಡ್ತಾ ಕೂತಿದ್ರಿ. ಕಾಲು ಎಕ್ಸಿಲರೇಟರ್ ಮೇಲೆಯೇ ಇತ್ತು. ನಾನು ಬ್ರೇಕ್, ಬ್ರೇಕ್ ಅಂತ ಹೇಳ್ತಾ ಇದ್ದೆ. ಟೀಚರ್ ಹಿಂದಿನಿಂದ ನಿಮ್ಮ ಭುಜ ಹಿಡಿದು ಅಲ್ಲಾಡಿಸಿದ್ರು. ಬೇಲಿಗೆ ತಾಗಿದ ಮೇಲೆ ನೀವು ತಿರುಗಿ ನೋಡಿದ್ದು.”

ಧರಣೇಂದ್ರ ನೆನಪು ಮಾಡಿಕೊಳ್ಳಲು ನೋಡಿದರು. ಎಂಜಿನ್ ಕೆಮ್ಮಿ ನಿಂತದ್ದು ನೆನಪಿತ್ತು. ಆಮೇಲೆ ತೊಡೆಯ ಮೇಲೆ ಬಿದ್ದ ದಾಸವಾಳದ ಎಲೆಗಳು. ಎರಡರ ನಡುವೆ ಏನೂ ಇರಲಿಲ್ಲ. ಅದು ಒಂದೇ ಕ್ಷಣದಲ್ಲಿ ನಡೆದದ್ದು ಎಂದು ಅವರು ಸಮಿತಿಗೆ ಹೇಳಿದ್ದರು, ಹಾಗೆಂದೇ ನಂಬಿದ್ದರು. ಏರಿನ ಅರ್ಧದಿಂದ ತಿರುವಿನವರೆಗೆ ಗಾಡಿ ಉರುಳಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುವುದು ಅವರಿಗೆ ಕಷ್ಟವಿರಲಿಲ್ಲ. ಇಷ್ಟು ದಿನ ಹಾಕಿರಲಿಲ್ಲ.

“ಇದನ್ನು ಸಮಿತಿಯಲ್ಲಿ ಯಾಕೆ ಹೇಳ್ಲಿಲ್ಲ?”

“ಅಷ್ಟು ಜನರ ಎದುರು ಹೇಳುದಾ?”

“ಅಷ್ಟು ಜನಕ್ಕೂ ಗೊತ್ತಿತ್ತಲ್ಲ ವಿಜಯಾ. ಗೊತ್ತಿಲ್ಲದ್ದು ನನಗೊಬ್ಬನಿಗೆ.”

ವಿಜಯಾ ಬಸಳೆಯ ದಂಟು ಮುರಿಯುವುದನ್ನು ನಿಲ್ಲಿಸಿದರು. “ಡಾಕ್ಟ್ರಿಗೆ ತೋರಿಸಿ. ಓಡಿಸ್ಬಹುದು ಅಂತ ಅವರು ಹೇಳಿದ್ರೆ ನಾನೇ ನಿಮ್ಮ ಪಕ್ಕ ಕೂರ್ತೇನೆ.”

“ಅದನ್ನೂ ನೀನು ಮೊದಲೇ ಫೋನ್ ಮಾಡಿ ಹೇಳಿ ಇಡ್ತೀಯಾ, ಡಾಕ್ಟ್ರಿಗೆ ಎಂತ ಹೇಳ್ಬೇಕು ಅಂತ?”

ವಿಜಯಾ ಎದ್ದು ಸೊಪ್ಪು ತೊಳೆಯಲು ಹೋದರು.

ಬೆಳಿಗ್ಗೆ ಧರಣೇಂದ್ರ ತಂತಿ ಕತ್ತರಿಸಿ, ತೆಳ್ಳಗಿನ ಸ್ಪ್ರಿಂಗ್ ತೆಗೆದು ಅಸಲಿಯದನ್ನು ಹಾಕಿದರು. ಬೆಲ್ಟನ್ನೂ ಬದಲಿಸಿದರು. ಖಾಲಿ ಗಾಡಿಯನ್ನು ಗುಡ್ಡದ ಮೇಲಿನ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದರು. ಬೆಳಗಿನ ಬಸ್ಸಿಗೆ ಹೋಗುವವರು ಅಷ್ಟರಲ್ಲಿ ಇಳಿದುಹೋಗಿದ್ದರು. ವಿಜಯಾ ಮತ್ತು ಕಮಲ ಟೀಚರ್ ಚಾಲೈ ಪೇಟೆಗೆ ಹೋಗಿದ್ದರು. ತರಕಾರಿ, ತೆಂಗಿನೆಣ್ಣೆ, ಟೀಚರ ಮನೆಯ ಪೂಜೆಗೆ ಬೇಕಾದ ಸಾಮಾನು.

ಸಂಜೆ ಬಸ್ಸು ಬರುವ ಹೊತ್ತಿಗೆ ಧರಣೇಂದ್ರ ಕೆಳಗಿನ ಗೇಟಿನಲ್ಲಿ ಬಗ್ಗಿ ನಿಲ್ಲಿಸಿಕೊಂಡಿದ್ದರು. ಇಳಿದವರು ಇವರಿಬ್ಬರೇ. ಇಬ್ಬರ ಕೈಯಲ್ಲೂ ತುಂಬಿದ ಚೀಲಗಳು. ಟೀಚರ್ ಒಂದು ಕಾಲನ್ನು ಎಳೆದುಕೊಂಡು ಬಂದರು. ಬಗ್ಗಿಯ ಮೆಟ್ಟಿಲಿನ ಹತ್ತಿರ ಬಂದು ಕಂಬಿ ಹಿಡಿದವರು ಹತ್ತಲಿಲ್ಲ.

“ಸಾರೇ, ಸ್ಪ್ರಿಂಗ್ ಮಾಟ್ಟಿಯೋ?” ಎಂದು ಕೇಳಿದರು.

ಬಗ್ಗಿಯ ಎಂಜಿನ್ ಯಾವ ಸೀಟಿನ ಅಡಿಯಲ್ಲಿದೆ ಎಂಬುದು ಟೀಚರಿಗೆ ಗೊತ್ತಿರಲಿಲ್ಲ. ಸ್ಪ್ರಿಂಗ್ ಬದಲಾಯಿತೇ ಎಂದು ಕೇಳುವಷ್ಟು ಮಾತ್ರ ಗೊತ್ತಿತ್ತು. ಧರಣೇಂದ್ರ ಅವರ ಮುಖ ನೋಡಿದರು. ಇಲ್ಲ ಎಂದಿದ್ದರೆ ಅವರು ಹತ್ತಿ ಕೂರುತ್ತಿದ್ದರು.

“ಮಾಟ್ಟಿ ಟೀಚರ್. ಬೆಳಿಗ್ಗೆ ಬದಲು ಮಾಡಿದೆ.”

ಟೀಚರ್ ವಿಜಯಾ ಕಡೆ ನೋಡಿದರು. ವಿಜಯಾ ಏರಿನ ಕಡೆ ನೋಡಿದರು. ಆಮೇಲೆ ಟೀಚರ್ ತಮ್ಮ ಚೀಲವನ್ನು ಹಿಂದಿನ ಸೀಟಿನ ಮೇಲೆ ಇಟ್ಟರು. ವಿಜಯಾ ತಮ್ಮದನ್ನು ಅದರ ಪಕ್ಕದಲ್ಲಿಟ್ಟು, ಉರುಳದಂತೆ ಹಿಡಿಗಳನ್ನು ಕಂಬಿಗೆ ಸಿಕ್ಕಿಸಿದರು.

“ನೀವು ಹೋಗಿ. ನಾವು ಮೆಲ್ಲ ನಡ್ಕೊಂಡು ಬರ್ತೇವೆ,” ಎಂದರು. “ಕೂತು ಕೂತು ಸಾಕಾಗಿದೆ ಬಸ್ಸಲ್ಲಿ.”

ಧರಣೇಂದ್ರ ಪೆಡಲ್ ಒತ್ತಿದರು. ಹೊಸ ಎಂಜಿನ್ ಏರನ್ನು ಒಂದೇ ಉಸಿರಿಗೆ ಹತ್ತಿತು, ಎಲ್ಲಿಯೂ ತಡವರಿಸಲಿಲ್ಲ. ಅವರು ಎರಡೂ ಚೀಲಗಳನ್ನು ತಮ್ಮ ಜಗಲಿಯ ಮೇಲೆ ಇಳಿಸಿ, ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು ಕಾದರು. ಹೆಂಗಸರು ತಿರುವಿನಲ್ಲಿ ಒಮ್ಮೆ ನಿಂತರು. ಟೀಚರ್ ಮಂಡಿ ಹಿಡಿದುಕೊಂಡು ಬಾಗಿದರು. ವಿಜಯಾ ಅವರ ಬೆನ್ನಿಗೆ ಕೈಯಿಟ್ಟು ನಿಂತರು. ಮೇಲೆ ಬರುವಷ್ಟರಲ್ಲಿ ಇಬ್ಬರ ಮುಖವೂ ಕೆಂಪಾಗಿತ್ತು.

“ಎಂಜಿನ್ ಈಗ ನಲ್ಲದಾಣ್, ಒಳ್ಳೇದಿದೆ ಸಾರೇ,” ಎಂದರು ಟೀಚರ್ ಏದುಸಿರಿನ ನಡುವೆ. “ಕೆಳಗಿನವರೆಗೂ ಕೇಳ್ತಿತ್ತು. ಎಷ್ಟು ಒಳ್ಳೆ ಶಬ್ದ.”

“ಎಂಜಿನ್ ಬಿಡಿ ಟೀಚರ್. ನೀವು ಯಾಕೆ ಹತ್ತಲಿಲ್ಲ?”

“ನಡೆದ್ರೆ ಕಾಲಿಗೆ ಒಳ್ಳೇದು ಅಂತ.”

“ಯಾಕೆ ಹತ್ತಲಿಲ್ಲ ಟೀಚರ್?”

ವಿಜಯಾ ಬಾಗಿಲಿನ ಚಿಲಕ ತೆಗೆಯುತ್ತಿದ್ದವರು ಕೈ ನಿಲ್ಲಿಸಿದರು. ಟೀಚರ್ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಅವರು ಕೆಲವು ವರ್ಷಗಳಿಂದ ಇವರೊಡನೆ ಅರ್ಧ ಕನ್ನಡದಲ್ಲಿಯೇ ಮಾತಾಡುತ್ತಿದ್ದರು. ಈಗ ಪೂರ್ತಿ ತಮ್ಮ ಭಾಷೆಯಲ್ಲಿ ಹೇಳಿದರು.

“ಪೇಡಿಯಾಣ್ ಸಾರ್. ನಿಮ್ಮೊಡನೆ ಕೂರಲು ನನಗೆ ಭಯ. ಆ ದಿನ ನಾನು ಭುಜ ಹಿಡಿದು ಅಲ್ಲಾಡಿಸಿದೆ. ನೀವು ಅಲ್ಲಿರಲಿಲ್ಲ.”

ಧರಣೇಂದ್ರ ತಲೆಯಾಡಿಸಿದರು. ಎದ್ದು ಟೀಚರ ಚೀಲವನ್ನು ಎತ್ತಿಕೊಂಡು, ಅವರ ಜತೆಗೆ ಪಕ್ಕದ ಮನೆಯ ಬಾಗಿಲವರೆಗೆ ನಡೆದು, ಒಳಗೆ ಅಡುಗೆಕಟ್ಟೆಯ ಮೇಲೆ ಇಟ್ಟು ಬಂದರು. ವಿಜಯಾ ತಂದ ಚೀಲ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು. ಅದನ್ನು ಮುಟ್ಟದೆ, ದಾಟಿ ಒಳಗೆ ಹೋದರು.